ಟ್ವಿನ್ ಲೇಕ್ಸ್ ದಡದ ಒಂಟಿ ಮನೆ: ಕಾಡಿನ ಸ್ವಾವಲಂಬಿ ಬದುಕಿನಿಂದ ನಾವು ನಿಜವಾಗಿ ಪಡೆಯಬಹುದಾದದ್ದು ಏನು?

ಹೊಳೆಸಾಲು

ಅಲಾಸ್ಕಾದ ಲೇಕ್ ಕ್ಲಾರ್ಕ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಗಿನಿಂದ ಹೋಗುವ ರಸ್ತೆ ಇಂದಿಗೂ ಇಲ್ಲ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಗಳೇ ಅಲ್ಲಿಯ ಮುಖ್ಯ ವಾಹನ. ಅಲ್ಲಿನ ಟ್ವಿನ್ ಲೇಕ್ಸ್ ಎಂಬ ಜೋಡಿ ಸರೋವರಗಳಲ್ಲಿ ಮೇಲಿನದರ ದಡದ ಮೇಲೆ, ಒಳಗೆ ಸುಮಾರು 11 ಅಡಿ ಅಗಲ, 15 ಅಡಿ ಉದ್ದ ಇರುವ, ಸ್ಪ್ರೂಸ್ ಮರದ ದಿಮ್ಮಿಗಳ ಒಂದು ಮನೆಯಿದೆ. ಅದನ್ನು ಕಟ್ಟಿದವರು ರಿಚರ್ಡ್ ಪ್ರೆನೆಕಿ. 1916ರಲ್ಲಿ ಅಯೋವಾ ರಾಜ್ಯದಲ್ಲಿ ಹುಟ್ಟಿದ ಇವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿ ಬಡಗಿಯಾಗಿದ್ದರು, ರುಮ್ಯಾಟಿಕ್ ಜ್ವರದಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು, ಆಮೇಲೆ ಅಲಾಸ್ಕಾಕ್ಕೆ ಬಂದು ಡೀಸೆಲ್ ಎಂಜಿನ್‌ಗಳ ಮೆಕ್ಯಾನಿಕ್ ಆಗಿ ಹೆಸರು ಮಾಡಿದರು. ಕೆಲಸದ ವೇಳೆ ನಡೆದ ಅಪಘಾತವೊಂದರಲ್ಲಿ ಕಣ್ಣೇ ಹೋಗುವಂತಾಗಿ, ಚೇತರಿಸಿಕೊಂಡ ಮೇಲೆ, ಉಳಿದ ದೃಷ್ಟಿಯನ್ನು ಯಂತ್ರಗಳ ನಡುವೆ ಕಳೆಯುವುದು ಬೇಡವೆಂದು ನಿರ್ಧರಿಸಿದರು.

1967ರ ಬೇಸಿಗೆಯಲ್ಲಿ ಮರ ಕಡಿದು, ಸಿಪ್ಪೆ ತೆಗೆದು, ಒಣಗಲು ಬಿಟ್ಟು ಹೋದರು. 1968ರ ಮೇ ತಿಂಗಳಲ್ಲಿ, ತಮ್ಮ 52ನೆಯ ವಯಸ್ಸಿನಲ್ಲಿ, ಮರಳಿ ಬಂದರು. ಗೆಳೆಯರೊಬ್ಬರ ಮನೆಯಲ್ಲಿ ತಂಗಿಕೊಂಡು, ಕೈ ಉಪಕರಣಗಳಿಂದ ಒಬ್ಬರೇ ತಮ್ಮ ಮನೆಯನ್ನು ಕಟ್ಟಿದರು. ನಡುವೆ ಊರಿಗೆ ಹೋಗಿ ಬಂದದ್ದನ್ನು ಬಿಟ್ಟರೆ, ಸುಮಾರು 30 ವರ್ಷ ಅಲ್ಲಿಯೇ ಬಾಳಿ, 80 ದಾಟಿದ ಮೇಲೆ, ಚಳಿಗಾಲವನ್ನು ಒಂಟಿಯಾಗಿ ಎದುರಿಸುವುದು ಸಾಧ್ಯವಿಲ್ಲವೆನಿಸಿದಾಗ ಮಾತ್ರ ಹೊರಟರು. 2003ರಲ್ಲಿ ತೀರಿಕೊಂಡರು. ಅವರ ಮನೆ ಈಗ ರಾಷ್ಟ್ರೀಯ ಉದ್ಯಾನದ ವಶದಲ್ಲಿದೆ, 2007ರಲ್ಲಿ ಅಮೆರಿಕದ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿದೆ.

ಅವರು 16 ಎಂಎಂ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ತಾವೇ ಎದುರಿಗೆ ಹೋಗಿ ಕೆಲಸ ಮಾಡಿ ಚಿತ್ರಿಸಿಕೊಂಡ ದೃಶ್ಯಗಳನ್ನು ನಮ್ಮಲ್ಲಿ ಹಲವರು ನೋಡಿರಬಹುದು. ನೋಡಿದವರೆಲ್ಲ ‘ಇಂತಹ ಬದುಕು ಬೇಕು’ ಎನ್ನುತ್ತಾರೆ. ಆದರೆ ಹಾಗೆನ್ನುವಾಗ ನಾವು ಬಯಸುತ್ತಿರುವುದು ಸರೋವರದ ನೀಲಿಯನ್ನೋ, ಮೇಲಧಿಕಾರಿಯಿಲ್ಲದ ಬೆಳಗನ್ನೋ, ಅಥವಾ ಆ ಮನುಷ್ಯನ ಕೈಯಲ್ಲಿದ್ದ ವಿದ್ಯೆಯನ್ನೋ ಎಂಬುದು ನನಗೆ ಸ್ಪಷ್ಟವಾಗಿಲ್ಲ. ಅಲಾಸ್ಕಾಕ್ಕೆ ಹೋಗಲಾಗದ, ಹೋಗಬೇಕಾಗಿಯೂ ಇಲ್ಲದ ನಮ್ಮಂಥವರಿಗೆ ಈ ಬದುಕಿನಿಂದ ದಕ್ಕುವ ಸ್ಫೂರ್ತಿ ಯಾವ ಬಗೆಯದು ಎಂಬುದನ್ನು ಇಲ್ಲಿ ಚರ್ಚಿಸೋಣ.

ಗೀಜಗನಗೂಡು

ವಿಷಯ ಚೆನ್ನಾಗಿದೆ, ಆದರೆ ಆರಂಭದಲ್ಲೇ ಒಂದು ತಕರಾರನ್ನು ದಾಖಲಿಸಬೇಕಾಗಿದೆ. ಪ್ರೆನೆಕಿಯವರ ಬದುಕನ್ನು ಸ್ವಾವಲಂಬನೆಯೆಂದು ಕರೆಯುವುದು ಎಷ್ಟರ ಮಟ್ಟಿಗೆ ಸರಿ? ಬೇಬ್ ಆಲ್ಸ್‌ವರ್ತ್ ಎಂಬ ಪೈಲಟ್ ತಮ್ಮ ಪುಟ್ಟ ವಿಮಾನದಲ್ಲಿ ಅವರಿಗೆ ಹಿಟ್ಟು, ಸಕ್ಕರೆ, ಬೀನ್ಸ್, ಆಲೂಗಡ್ಡೆ, ಮೊಟ್ಟೆ ಮತ್ತು ಅಂಚೆಯನ್ನು ತಂದು ಇಳಿಸುತ್ತಿದ್ದರು. ಚಾವಣಿಯ ಮೇಲೆ ಹಸಿರು ಪಾಚಿ ಕಾಣುತ್ತದೆ ನಿಜ. ಅದರ ಅಡಿಯಲ್ಲಿ ಟಾರು ಕಾಗದವೂ ಪಾಲಿಥೀನ್ ಹಾಳೆಯೂ ಇವೆ. ಕ್ಯಾಮೆರಾದ ಫಿಲ್ಮ್ ಕಾಡಿನಲ್ಲಿ ಬೆಳೆಯುವುದಿಲ್ಲ. ವರ್ಷಗಟ್ಟಲೆ ದುಡಿದು ಉಳಿಸಿದ ಹಣವಿತ್ತು, ಹೆಂಡತಿ ಮಕ್ಕಳ ಹೊಣೆ ಇರಲಿಲ್ಲ. ಇಷ್ಟೆಲ್ಲ ಅನುಕೂಲವಿದ್ದ ಮನುಷ್ಯನೊಬ್ಬ ನೆಮ್ಮದಿಯಾಗಿ ಬದುಕಿದನೆಂದರೆ ಅದರಲ್ಲಿ ಮೂರು ಮಕ್ಕಳ ಶಾಲಾ ಶುಲ್ಕ ಕಟ್ಟುವವನಿಗೆ ಸ್ಫೂರ್ತಿ ಎಲ್ಲಿಂದ ಬರಬೇಕು? ಅವರನ್ನು ನಾನು ಹೀಗಳೆಯುತ್ತಿಲ್ಲ. ವಿಮಾನವನ್ನು ಮರೆಸಿ ಮನೆಯನ್ನು ಮಾತ್ರ ತೋರಿಸುವ ನಮ್ಮ ಅಭ್ಯಾಸದ ಬಗ್ಗೆ ಹೇಳುತ್ತಿದ್ದೇನೆ.

ಉಳಿಬಾಚಿ

ನಾನು ಮರಗೆಲಸದವನು. ವಿಮಾನದ ಲೆಕ್ಕವನ್ನು ಬೇರೆಯವರು ನೋಡಿಕೊಳ್ಳಲಿ. ಆ ಗೋಡೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ, ಏಕೆಂದರೆ ಆ ದೃಶ್ಯಗಳನ್ನು ನೋಡಿದವರಲ್ಲಿ ಹೆಚ್ಚಿನವರು ಅಲ್ಲಿ ನಡೆಯುತ್ತಿರುವುದನ್ನು ಗಮನಿಸಿರುವುದಿಲ್ಲ.

ದುಂಡಗಿನ ದಿಮ್ಮಿಯ ಮೇಲೆ ಇನ್ನೊಂದು ದುಂಡಗಿನ ದಿಮ್ಮಿ ಮೂಲೆಯಲ್ಲಿ ಅಡ್ಡಲಾಗಿ ಕೂರಬೇಕಾದರೆ ಮೇಲಿನದರ ತಳಭಾಗದಲ್ಲಿ ಕಚ್ಚು ತೆಗೆಯಬೇಕು. ಆ ಕಚ್ಚು ಕೆಳಗಿನ ದಿಮ್ಮಿಯ ಬೆನ್ನಿನ ಆಕಾರಕ್ಕೆ ಸರಿಯಾಗಿ ಹೊಂದಬೇಕು. ಯಾವ ಎರಡು ಮರಗಳೂ ಒಂದೇ ದಪ್ಪ ಇರುವುದಿಲ್ಲವಾದ್ದರಿಂದ ಅಳತೆಪಟ್ಟಿಯಿಂದ ಇಲ್ಲಿ ಉಪಯೋಗ ಕಡಿಮೆ. ದಿಮ್ಮಿಯನ್ನು ಅದರ ಜಾಗದಲ್ಲಿಟ್ಟು, ಎರಡು ಕಾಲಿನ ಕೈವಾರದಂತಹ ಸಾಧನದ ಒಂದು ಮೊನೆಯನ್ನು ಕೆಳಗಿನ ದಿಮ್ಮಿಯ ಮೇಲೆ ಜಾರಿಸುತ್ತ ಹೋದರೆ, ಇನ್ನೊಂದು ಮೊನೆ ಅದೇ ವಕ್ರರೇಖೆಯನ್ನು ಮೇಲಿನ ದಿಮ್ಮಿಯ ಮೇಲೆ ಗೀಚುತ್ತದೆ. ಆಮೇಲೆ ದಿಮ್ಮಿಯನ್ನು ಮಗುಚಿ, ಗೀರಿನ ಒಳಗಿನ ಮರವನ್ನು ಕೊಡಲಿಯಿಂದ ಒರಟಾಗಿ ತೆಗೆದು, ಗೀರಿನ ಹತ್ತಿರ ಬಂದಾಗ ಉಳಿಗೆ ಕೈ ಬದಲಿಸಿ, ಮತ್ತೆ ಮಗುಚಿ ಕೂರಿಸಿ ನೋಡಬೇಕು. ಬೆಳಕು ಕಂಡರೆ ಮತ್ತೆ ಇಳಿಸಬೇಕು. ಕಚ್ಚು ಮೇಲಿನ ದಿಮ್ಮಿಯ ತಳದಲ್ಲಿ ಇರುವುದಕ್ಕೂ ಕಾರಣವಿದೆ: ಕೆಳಗಿನ ದಿಮ್ಮಿಯ ಬೆನ್ನಿನಲ್ಲಿ ಗುಳಿ ತೆಗೆದರೆ ಮಳೆಯ ನೀರು ಅಲ್ಲಿ ನಿಂತು ಮರ ಕೊಳೆಯುತ್ತದೆ. ಪ್ರೆನೆಕಿಯವರ ಮೂಲೆಗಳು ಅರ್ಧ ಶತಮಾನದ ಹಿಮವನ್ನು ಹೊತ್ತ ಮೇಲೂ ಬಿಗಿಯಾಗಿವೆ.

ಇನ್ನೊಂದು ಸಂಗತಿ. ಹೊರೆ ಕಡಿಮೆ ಮಾಡಲು ಅವರು ಕೆಲವು ಉಪಕರಣಗಳ ಕಬ್ಬಿಣದ ಭಾಗವನ್ನಷ್ಟೇ ಒಯ್ದು, ಮರದ ಕಾವುಗಳನ್ನು (ಹಿಡಿಗಳನ್ನು) ಅಲ್ಲಿಯೇ ಮಾಡಿಕೊಂಡರು. ಬಾಗಿಲಿನ ತಿರುಗಣಿಯನ್ನೂ ಅಗುಳಿಯನ್ನೂ ಮರದಿಂದಲೇ ಕೆತ್ತಿದರು. ಸೌಟು, ಚಮಚ, ಬಟ್ಟಲು ಎಲ್ಲವೂ ಮರದವು. ಇಂಧನ ತಂದ ಚೌಕನೆಯ ತಗಡಿನ ಡಬ್ಬಗಳನ್ನು ಸೀಳಿ, ಬಡಿದು, ಅಂಚು ಮಡಿಸಿ ಪಾತ್ರೆಗಳನ್ನೂ ಸಾಮಾನಿನ ಪೆಟ್ಟಿಗೆಗಳನ್ನೂ ಮಾಡಿದರು. ಗೀಜಗನಗೂಡು ಅವರೇ, ವಿಮಾನದಲ್ಲಿ ಡಬ್ಬ ಬಂತು ಎಂಬುದು ನಿಜ. ಆದರೆ ನಮ್ಮ ಮನೆಗೂ ಎಣ್ಣೆಯ ಡಬ್ಬ ಬರುತ್ತದೆ, ಅದು ಹೋಗುವುದು ಗುಜರಿಗೆ. ಸ್ವಾವಲಂಬನೆಯನ್ನು ನಾನು ಅಳೆಯುವುದು ವಸ್ತು ಮನೆಗೆ ಬಂದ ಮೇಲೆ ಅದಕ್ಕೆ ಏನಾಗುತ್ತದೆ ಎಂಬುದರಿಂದ.

ಘಟ್ಟದಮೇಲೆ

ಹೊರಗಿನಿಂದ ಏನೂ ಬಾರದ ಸ್ವಾವಲಂಬನೆ ಹೇಗಿರುತ್ತದೆ ಎಂಬುದಕ್ಕೂ ಒಂದು ದಾಖಲಾದ ಉದಾಹರಣೆಯಿದೆ. ಅದನ್ನು ಇಲ್ಲಿ ಇಡದಿದ್ದರೆ ಚರ್ಚೆ ಏಕಪಕ್ಷೀಯವಾಗುತ್ತದೆ.

ಸೈಬೀರಿಯಾದ ಅಬಕಾನ್ ನದಿಯ ಮೇಲ್ಭಾಗದ ದಟ್ಟ ಕಾಡಿನಲ್ಲಿ, 1978ರಲ್ಲಿ, ಹೆಲಿಕಾಪ್ಟರಿನಲ್ಲಿ ಹಾರುತ್ತಿದ್ದ ಸೋವಿಯತ್ ಭೂವಿಜ್ಞಾನಿಗಳ ತಂಡಕ್ಕೆ ಬೆಟ್ಟದ ಇಳಿಜಾರಿನಲ್ಲಿ ಉತ್ತ ನೆಲದ ಸಾಲುಗಳು ಕಂಡವು. ಮನುಷ್ಯರ ವಸತಿಯಿಂದ ಸುಮಾರು 240 ಕಿಲೋಮೀಟರ್ ದೂರದ ಆ ಜಾಗದಲ್ಲಿ ಲೈಕೋವ್ ಎಂಬ ಕುಟುಂಬವಿತ್ತು. ಹಳೆಯ ಕ್ರೈಸ್ತ ಸಂಪ್ರದಾಯವನ್ನು ಬಿಡಲೊಪ್ಪದ ಪಂಥಕ್ಕೆ ಸೇರಿದ ಕಾರ್ಪ್ ಲೈಕೋವ್, 1936ರಲ್ಲಿ ತಮ್ಮ ಸಹೋದರ ಗುಂಡಿಗೆ ಬಲಿಯಾದ ಮೇಲೆ, ಹೆಂಡತಿ ಅಕುಲಿನಾ ಮತ್ತು ಇಬ್ಬರು ಮಕ್ಕಳೊಡನೆ ಕಾಡು ಸೇರಿದ್ದರು. ಇನ್ನಿಬ್ಬರು ಮಕ್ಕಳು ಕಾಡಿನಲ್ಲೇ ಹುಟ್ಟಿದರು. ನಾಲ್ಕು ದಶಕಗಳ ಕಾಲ ಅವರಿಗೆ ಹೊರಗಿನ ಸಂಪರ್ಕವೇ ಇರಲಿಲ್ಲ. ಎರಡನೆಯ ಮಹಾಯುದ್ಧ ನಡೆದದ್ದೂ ತಿಳಿದಿರಲಿಲ್ಲ.

ಅವರು ಬಟ್ಟೆಯನ್ನು ಸೆಣಬಿನ ಜಾತಿಯ ಗಿಡದ ನಾರಿನಿಂದ ನೂತು ನೇಯ್ದುಕೊಂಡರು, ಬರ್ಚ್ ಮರದ ತೊಗಟೆಯಿಂದ ಪಾದರಕ್ಷೆ ಮಾಡಿಕೊಂಡರು. ಒಯ್ದಿದ್ದ ಲೋಹದ ಪಾತ್ರೆಗಳು ತುಕ್ಕು ಹಿಡಿದು ತೂತಾದಾಗ ಮಾತ್ರ ನಿಜವಾದ ಕಷ್ಟ ಆರಂಭವಾಯಿತು, ಏಕೆಂದರೆ ತೊಗಟೆಯ ಪಾತ್ರೆಯನ್ನು ಒಲೆಯ ಮೇಲೆ ಇಡಲಾಗುವುದಿಲ್ಲ. ಬಂದೂಕಿರಲಿಲ್ಲ, ಮಗ ದಿಮಿತ್ರಿ ಬೆಳೆದು ದೊಡ್ಡವನಾಗುವವರೆಗೆ ಮಾಂಸ ಅಪರೂಪವಾಗಿತ್ತು. 1961ರ ಜೂನ್‌ನಲ್ಲಿ ಹಿಮ ಬಿದ್ದು ತೋಟವೆಲ್ಲ ನಾಶವಾಯಿತು. ತೊಗಟೆಯನ್ನೂ ಚರ್ಮವನ್ನೂ ಬೇಯಿಸಿ ತಿಂದ ಆ ವರ್ಷ ತನ್ನ ಪಾಲನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಅಕುಲಿನಾ ಹಸಿವಿನಿಂದ ಸತ್ತರು. ಮುಂದಿನ ಬಿತ್ತನೆಯಲ್ಲಿ ಒಂದೇ ಒಂದು ರೈ ಧಾನ್ಯದ ಮೊಳಕೆ ಕಾಣಿಸಿಕೊಂಡಿತು. ಅದರ ಸುತ್ತ ಬೇಲಿ ಕಟ್ಟಿ, ಇಲಿ ಅಳಿಲುಗಳು ಮುಟ್ಟದಂತೆ ಹಗಲೂ ರಾತ್ರಿ ಕಾದು, ಅದರಿಂದ ದೊರೆತ 18 ಕಾಳುಗಳಿಂದ ತಮ್ಮ ಬೆಳೆಯನ್ನು ಮತ್ತೆ ಕಟ್ಟಿಕೊಂಡರು.

ಭೂವಿಜ್ಞಾನಿಗಳು ಕೊಡಬಂದ ಕಾಣಿಕೆಗಳಲ್ಲಿ ಕುಟುಂಬ ಮೊದಲು ಸ್ವೀಕರಿಸಿದ್ದು ಉಪ್ಪನ್ನು ಮಾತ್ರ. ಉಪ್ಪಿಲ್ಲದೆ ಕಳೆದ ವರ್ಷಗಳನ್ನು ಕಾರ್ಪ್ ನಿಜವಾದ ಯಾತನೆಯೆಂದು ಹೇಳಿಕೊಂಡರು. ಮಲೆನಾಡಿನ ಹಳಬರಿಗೆ ಇದರ ಅರ್ಥ ತಕ್ಷಣ ಆಗುತ್ತದೆ. ಭತ್ತ, ಅಡಿಕೆ, ಬಾಳೆ, ಜೇನು ಎಲ್ಲವೂ ತಮ್ಮಲ್ಲೇ ಇದ್ದ ಮನೆಗಳವರೂ ಉಪ್ಪಿಗಾಗಿ ಘಟ್ಟ ಇಳಿದು ಕರಾವಳಿಯತ್ತ ನಡೆಯಲೇಬೇಕಿತ್ತು. ಉಪ್ಪು ಮತ್ತು ಕಬ್ಬಿಣ, ಈ ಎರಡನ್ನು ಬಿಟ್ಟು ಬಾಳಿದ ಒಂಟಿ ಮನೆಯನ್ನು ನಾನು ಕೇಳಿಲ್ಲ. ಬಾಳಲು ಯತ್ನಿಸಿದ ಲೈಕೋವ್ ಕುಟುಂಬದ ಗತಿ ಮೇಲೆ ಹೇಳಿದಂತಾಯಿತು.

ಆದ್ದರಿಂದ ಗೀಜಗನಗೂಡು ಅವರ ತಕರಾರು ನನಗೆ ದೋಷಾರೋಪಣೆಯಂತೆ ಕಾಣುವುದಿಲ್ಲ. ವಿಮಾನವನ್ನು ಒಪ್ಪಿಕೊಂಡದ್ದೇ ಪ್ರೆನೆಕಿಯವರ ವಿವೇಕ.

ಒಲೆಯಮುಂದೆ

ಮಲೆನಾಡಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಸರಳ ಬದುಕನ್ನು ಹೊಗಳುವ ಗಂಡಸರ ಬರಹಗಳನ್ನು ಓದುವಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ: ಆ ಸರಳತೆಯ ಪಾತ್ರೆ ತೊಳೆಯುವವರು ಯಾರು? ನಮ್ಮ ಅಜ್ಜಂದಿರ ‘ಏನನ್ನೂ ಪೇಟೆಯಿಂದ ತರುತ್ತಿರಲಿಲ್ಲ’ ಎಂಬ ಹೆಮ್ಮೆಯ ಹಿಂದೆ, ಬೆಳಗಿನ ಜಾವ ಎದ್ದು ಭತ್ತ ಕುಟ್ಟಿ, ಹಸಿ ಸೌದೆಯ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು, ಮಳೆಗಾಲದ ನಾಲ್ಕು ತಿಂಗಳಿಗೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಒಣಗಿಸಿದ ಹಲಸಿನ ಬೇಳೆಯನ್ನು ಸಿದ್ಧಪಡಿಸಿಟ್ಟ ಅಜ್ಜಿಯಂದಿರಿದ್ದರು. ಸ್ವಾವಲಂಬನೆ ಮನೆಯದಾಗಿತ್ತು, ಮೈಮುರಿತ ಅವರದಾಗಿತ್ತು.

ಪ್ರೆನೆಕಿಯವರ ವಿಷಯದಲ್ಲಿ ನನಗೆ ಮೆಚ್ಚುಗೆಯಾಗುವುದು ಇದೇ ಕಾರಣಕ್ಕೆ. ಅವರು ಕಟ್ಟುವುದನ್ನಷ್ಟೇ ಮಾಡಿ ಉಣ್ಣಲು ಕೂತವರಲ್ಲ. ಅಡುಗೆ, ಬಟ್ಟೆ ಒಗೆಯುವುದು, ಹರಿದದ್ದಕ್ಕೆ ತೇಪೆ ಹಾಕುವುದು, ಹೆಪ್ಪುಗಟ್ಟಿದ ಸರೋವರದಲ್ಲಿ ತೂತು ಕೊರೆದು ನೀರು ತರುವುದು, ಎಲ್ಲವನ್ನೂ ಅವರೇ ಮಾಡಿದರು, ಮಾಡಿದ್ದನ್ನು ಕಟ್ಟಡದ ಕೆಲಸದಷ್ಟೇ ಆಸ್ಥೆಯಿಂದ ದಿನಚರಿಯಲ್ಲಿ ಬರೆದರು. ಅವರ ಬೆಳಗಿನ ತಿಂಡಿಯಾದ ಹುಳಿಹಿಟ್ಟಿನ ದೋಸೆಯಂತಹ ರೊಟ್ಟಿಗೆ ಬೇಕಾದ ಹುದುಗನ್ನು ಸದಾ ಜೀವಂತವಾಗಿಟ್ಟುಕೊಳ್ಳಬೇಕಿತ್ತು. ತೆಗೆದಷ್ಟು ಹಿಟ್ಟು ನೀರನ್ನು ಮತ್ತೆ ಸೇರಿಸುತ್ತ, ಕಡು ಚಳಿಯಲ್ಲಿ ಅದು ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕಿತ್ತು. ಹೊರಗೆ ಸೊನ್ನೆಗಿಂತ 40 ಡಿಗ್ರಿ ಕೆಳಗಿರುವ ದಿನಗಳಲ್ಲಿ ಇದು ಸಣ್ಣ ಕೆಲಸವಲ್ಲ. ನೆಲದೊಳಗೆ ಪೆಟ್ಟಿಗೆ ಹೂತು, ಮೇಲೆ ಪಾಚಿ ಮುಚ್ಚಿ ಬೇಸಿಗೆಯಲ್ಲಿ ಆಹಾರ ತಂಪಾಗಿಡುವ ವ್ಯವಸ್ಥೆ ಮಾಡಿಕೊಂಡರು. ಮನೆಯ ಪಕ್ಕದಲ್ಲಿ ಸಣ್ಣ ಕೈತೋಟವಿತ್ತು, ಹತ್ತಿರದಲ್ಲೇ ಕಾಡು ಹಣ್ಣಿನ ಪೊದೆಗಳು, ಎದುರಿಗೆ ಮೀನು.

ಕಾಡಿಗೆ ಹೋಗಿ ಬದುಕಬೇಕೆಂದು ಹಂಬಲಿಸುವ ತರುಣರು ಮೊದಲು ಒಂದು ವರ್ಷ ತಮ್ಮ ಮನೆಯ ಅಡುಗೆಮನೆಯ ಪೂರ್ತಿ ಹೊಣೆಯನ್ನು ಹೊತ್ತು ನೋಡಲಿ. ವ್ಯಂಗ್ಯಕ್ಕಾಗಿ ಹೇಳುತ್ತಿಲ್ಲ.

ಹೊಸಚಿಗುರು

ಹಂಬಲಿಸುವ ತರುಣರಲ್ಲಿ ನಾನೂ ಒಬ್ಬ, ಆದ್ದರಿಂದ ಉತ್ತರಿಸಬೇಕಾಗಿದೆ. ನಾನು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ. ಅಡುಗೆ ಬರುತ್ತದೆ. ಮರಗೆಲಸ ಬರುವುದಿಲ್ಲ. ಸಕಲೇಶಪುರದ ಕಡೆಯಲ್ಲೋ ಶರಾವತಿಯ ಹಿನ್ನೀರಿನ ಅಂಚಿನಲ್ಲೋ ಕಾಡಿನೊಳಗೆ ಒಂದು ಚಿಕ್ಕ ಮನೆ ಮಾಡಿಕೊಂಡು, ಒಂದೆರಡು ವರ್ಷ ಹೀಗೆ ಬದುಕಿ ನೋಡಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಇದು ನಮ್ಮಲ್ಲಿ ಸಾಧ್ಯವೇ? ಹಿರಿಯರು ನೇರವಾಗಿ ಹೇಳಬೇಕೆಂದು ವಿನಂತಿ.

ಘಟ್ಟದಮೇಲೆ

ನೇರವಾಗಿ ಹೇಳುವುದಾದರೆ, ಮೀಸಲು ಅರಣ್ಯದಲ್ಲಿ ಸಾಧ್ಯವಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಲ್ಲಿ ಅತಿಕ್ರಮಿಸುವುದು, ಮರ ಕಡಿಯುವುದು ಅಪರಾಧ. ಅಭಯಾರಣ್ಯಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ, ಅನುಮತಿಯಿಲ್ಲದ ಪ್ರವೇಶವೇ ಅಲ್ಲಿ ತಪ್ಪು. ಪ್ರೆನೆಕಿಯವರು ಮನೆ ಕಟ್ಟಿದಾಗ ಆ ಪ್ರದೇಶ ಇನ್ನೂ ರಾಷ್ಟ್ರೀಯ ಉದ್ಯಾನವಾಗಿರಲಿಲ್ಲ. 1980ರ ಡಿಸೆಂಬರ್‌ನಲ್ಲಿ ಅದು ಉದ್ಯಾನವಾಯಿತು, ಅವರು ಅಲ್ಲೇ ಉಳಿದರು, ಉದ್ಯಾನದವರಿಗೆ ಹವಾಮಾನದ ಮತ್ತು ಪ್ರಾಣಿಗಳ ವಿವರ ದಾಖಲಿಸಿ ನೆರವಾದರು. ಬೇಟೆಗಾರರು ಬಿಟ್ಟುಹೋದ ಕಸವನ್ನು ಹೆಕ್ಕುವುದು ಅವರ ನಿತ್ಯದ ಕೆಲಸಗಳಲ್ಲಿ ಒಂದಾಗಿತ್ತು. ಇಂದು ಅಲ್ಲಿಯೂ ಹೊಸಬರು ಹೋಗಿ ಮರ ಕಡಿದು ಮನೆ ಕಟ್ಟುವಂತಿಲ್ಲ.

ಸ್ವಂತ ಜಮೀನಿದ್ದರೆ ಮಾತು ಬೇರೆ. ಆಗಲೂ ಸಿದ್ಧತೆಯಿಲ್ಲದೆ ಹೋಗುವುದರ ಬಗ್ಗೆ ಎಚ್ಚರಿಸಲೇಬೇಕು. ಅಲಾಸ್ಕಾದಲ್ಲೇ, 1992ರ ಏಪ್ರಿಲ್‌ನಲ್ಲಿ, ಕ್ರಿಸ್ ಮೆಕ್ಯಾಂಡ್ಲೆಸ್ ಎಂಬ 24 ವರ್ಷದ ತರುಣ ಒಂದು ಚೀಲ ಅಕ್ಕಿ, ಒಂದು ಸಣ್ಣ ಬಂದೂಕು, ಕೆಲವು ಪುಸ್ತಕಗಳೊಡನೆ ಸ್ಟ್ಯಾಂಪೀಡ್ ಹಾದಿಯಲ್ಲಿ ನಡೆದು ಹೋದ. ಪಾಳುಬಿದ್ದ ಬಸ್ಸೊಂದರಲ್ಲಿ ತಂಗಿದ. ಜುಲೈನಲ್ಲಿ ಹಿಂದಿರುಗಲು ಹೊರಟಾಗ, ಹೋಗುವಾಗ ಸುಲಭವಾಗಿ ದಾಟಿದ್ದ ಟೆಕ್ಲಾನಿಕಾ ನದಿ ಹಿಮ ಕರಗಿದ ನೀರಿನಿಂದ ಉಕ್ಕಿ ಹರಿಯುತ್ತಿತ್ತು. ವಿವರವಾದ ನಕ್ಷೆಯಿದ್ದಿದ್ದರೆ, ಅನತಿ ದೂರದಲ್ಲಿ ಹಗ್ಗದ ಮೇಲೆ ಸಾಗುವ ತೊಟ್ಟಿಲೊಂದು ನದಿಗೆ ಅಡ್ಡಲಾಗಿ ಇರುವುದು ಅವನಿಗೆ ತಿಳಿಯುತ್ತಿತ್ತು. ಬಸ್ಸಿಗೆ ಮರಳಿದವನು ಆಗಸ್ಟ್‌ನಲ್ಲಿ ಹಸಿವಿನಿಂದ ಸತ್ತ. ಆ ಬಸ್ಸನ್ನು ನೋಡಲು ಹೋದವರಲ್ಲೂ ಕೆಲವರು ನದಿಯ ಪಾಲಾದ್ದರಿಂದ 2020ರಲ್ಲಿ ಅದನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ಬೇರೆಡೆಗೆ ಸಾಗಿಸಿದರು.

ಇಬ್ಬರೂ ಕಾಡನ್ನು ಪ್ರೀತಿಸಿದವರೇ. ಆದರೆ ಪ್ರೆನೆಕಿಯವರು 1962ರಲ್ಲಿ ಮೊದಲ ಸಲ ಆ ಸರೋವರವನ್ನು ನೋಡಿ, ಮತ್ತೆ ಮತ್ತೆ ಹೋಗಿ ಬಂದು, ಒಂದು ವರ್ಷ ಮೊದಲೇ ಮರ ಒಣಗಲು ಹಾಕಿದವರು.

ಪೋಡುದಾರಿ

ಇಷ್ಟು ಹೊತ್ತು ನಡೆದ ಚರ್ಚೆಯಲ್ಲಿ ಒಂದು ಗೈರುಹಾಜರಿ ನನ್ನನ್ನು ಕಾಡುತ್ತಿದೆ. ‘ಯಾರೂ ಇಲ್ಲದ ಕಾಡು’ ಎಂಬ ಕಲ್ಪನೆಯನ್ನು ನಾವೆಲ್ಲ ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ. ಲೇಕ್ ಕ್ಲಾರ್ಕ್ ಪ್ರದೇಶ ದೆನಾಇನಾ ಎಂಬ ಮೂಲನಿವಾಸಿ ಜನರ ನೆಲ. ಅಲ್ಲಿನ ಕಿಜಿಕ್ ಎಂಬ ಅವರ ಹಳೆಯ ಊರಿನ ನೆಲೆ ಇಂದು ಸಂರಕ್ಷಿತ ಐತಿಹಾಸಿಕ ಸ್ಥಳ. ಅವರ ವಂಶಸ್ಥರು ನೊಂಡಾಲ್ಟನ್ ಮುಂತಾದ ಊರುಗಳಲ್ಲಿ ಇದ್ದಾರೆ, ಸಾಲ್ಮನ್ ಮೀನನ್ನು ಹಿಡಿದು, ಸೀಳಿ, ಹೊಗೆಯಲ್ಲಿ ಒಣಗಿಸಿ ಚಳಿಗಾಲಕ್ಕೆ ಕೂಡಿಡುತ್ತಾರೆ. ಅಲಾಸ್ಕಾದ 1980ರ ಕಾಯ್ದೆ ಸ್ಥಳೀಯ ಗ್ರಾಮವಾಸಿಗಳಿಗೆ ಜೀವನಾಧಾರದ ಬೇಟೆ, ಮೀನುಗಾರಿಕೆಯ ಅವಕಾಶವನ್ನು ಉಳಿಸಿದೆ. ಪ್ರೆನೆಕಿಯವರ 30 ವರ್ಷ ದೊಡ್ಡದೇ. ಆದರೆ ಅದೇ ಚಳಿಯಲ್ಲಿ ಶತಮಾನಗಳ ಕಾಲ ಮಕ್ಕಳು ಮರಿಗಳೊಡನೆ ಬಾಳಿದವರು ಪ್ರವಾಸಿಗರ ಕಣ್ಣಿಗೆ ಬೀಳುವುದು ಕಡಿಮೆ.

ನಮ್ಮಲ್ಲಿಯೂ ಹಾಗೆಯೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಪೋಡುಗಳೆಂಬ ತಮ್ಮ ಪುಟ್ಟ ಹಾಡಿಗಳಲ್ಲಿ ಬಾಳುತ್ತ ರಾಗಿ, ಅವರೆ, ಜೋಳ ಬೆಳೆದರು, ಗೆಣಸು, ಸೊಪ್ಪು, ಜೇನು, ನೆಲ್ಲಿಯನ್ನು ಕಾಡಿನಿಂದ ಪಡೆದರು. ಒಣಗಿದ ತರಗೆಲೆಗೆ ಸಕಾಲದಲ್ಲಿ ಹಾಕುತ್ತಿದ್ದ ತರಗು ಬೆಂಕಿಯಿಂದ ಪೊದೆಗಳು ಅತಿಯಾಗಿ ಬೆಳೆಯದಂತೆ ತಡೆಯುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಎಂಬ ಹೊರನಾಡಿನ ಕಳೆ ಪೊದೆ ಹಬ್ಬಿತು ಎಂಬುದು ಅವರ ಖಚಿತ ಅಭಿಪ್ರಾಯ, ಇದನ್ನು ಸಂಶೋಧಕರೂ ಗಂಭೀರವಾಗಿ ಪರಿಗಣಿಸಿದ್ದಾರೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ಅವರ ಬೇಸಾಯದ ಪದ್ಧತಿಗೆ ತಡೆ ಬಿತ್ತು, ಆಮೇಲೆ ಕಾಡಿನ ಉತ್ಪನ್ನಗಳ ಮಾರಾಟಕ್ಕೂ. 2006ರ ಅರಣ್ಯ ಹಕ್ಕು ಕಾಯ್ದೆಯ ಆಧಾರದಲ್ಲಿ 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಹುಲಿ ಮೀಸಲು ಪ್ರದೇಶವೊಂದರ ಒಳಗೆ ಇಂತಹ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು.

ಹೊಸಚಿಗುರು ಅವರೇ, ಕಾಡಿನಲ್ಲಿ ಬದುಕಲು ಬಯಸುವ ನಿಮಗೆ ಕಾನೂನು ‘ಬೇಡ’ ಎನ್ನುತ್ತದೆ. ಕಾಡಿನಲ್ಲೇ ಹುಟ್ಟಿದವರಿಗೂ ಅದು ದಶಕಗಳ ಕಾಲ ಅದನ್ನೇ ಹೇಳಿತು. ಸ್ವಾವಲಂಬನೆಗೆ ಕೈಯ ಕುಶಲತೆ ಸಾಲದು, ನೆಲದ ಮೇಲೆ ಹಕ್ಕೂ ಬೇಕು. ಪ್ರೆನೆಕಿಯವರನ್ನು ಮೆಚ್ಚುವಾಗ ಈ ಮಾತು ನಮ್ಮ ಚರ್ಚೆಯಲ್ಲಿ ಇರಬೇಕೆಂಬುದಷ್ಟೇ ನನ್ನ ಆಗ್ರಹ.

ಹೊಳೆಸಾಲು

ಪೋಡುದಾರಿ ಅವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಇಲ್ಲಿಯವರೆಗೆ ಯಾರೂ ಎತ್ತದ ಒಂದು ಅಂಶವನ್ನು ಸೇರಿಸಲು ಬಯಸುತ್ತೇನೆ: ಅವರ ದಿನಚರಿ. ಪ್ರೆನೆಕಿಯವರು ದಿನವೂ ಬರೆದರು, ವರ್ಷಗಟ್ಟಲೆ ಬರೆದರು. ಉಷ್ಣಾಂಶ ಎಷ್ಟು, ಸರೋವರದ ಮಂಜುಗಡ್ಡೆ ಎಷ್ಟು ದಪ್ಪವಾಗಿದೆ, ಯಾವ ಇಳಿಜಾರಿನಲ್ಲಿ ಕಾಡುಕುರಿಗಳು ಕಂಡವು, ಯಾವ ಕೆಲಸ ಎಲ್ಲಿಗೆ ಬಂತು. ಅದರಲ್ಲಿ ವೈರಾಗ್ಯದ ಉಪದೇಶ ಕಡಿಮೆ. ಲೆಕ್ಕವೂ ನೋಟವೂ ಹೆಚ್ಚು. ಆ ದಿನಚರಿಯ ಆಧಾರದ ಮೇಲೆ ಗೆಳೆಯರೊಬ್ಬರು 1973ರಲ್ಲಿ ಸಿದ್ಧಪಡಿಸಿದ ಪುಸ್ತಕದಿಂದಲೇ ಅವರು ಜನರಿಗೆ ತಿಳಿದದ್ದು.

ನನ್ನ ಎಣಿಕೆಯಲ್ಲಿ ಅವರ ಸ್ವಾವಲಂಬನೆಯ ಬುಡ ಇಲ್ಲಿದೆ. ತಮಗೆ ಒಂದು ಚಳಿಗಾಲಕ್ಕೆ ಎಷ್ಟು ಸೌದೆ, ಎಷ್ಟು ಹಿಟ್ಟು ಬೇಕು ಎಂಬುದು ಅವರಿಗೆ ಅಂದಾಜಿನಿಂದ ತಿಳಿದದ್ದಲ್ಲ, ಬರೆದಿಟ್ಟು ತಿಳಿದದ್ದು. ವಿಮಾನ ಬಂದಾಗ ಏನನ್ನು ತರಿಸಬೇಕು, ಏನನ್ನು ತರಿಸಬೇಕಾಗಿಲ್ಲ ಎಂಬ ನಿರ್ಧಾರ ಆ ಲೆಕ್ಕದಿಂದ ಬರುತ್ತಿತ್ತು. ಗೀಜಗನಗೂಡು ಅವರು ಮೂರು ಮಕ್ಕಳ ಶಾಲಾ ಶುಲ್ಕ ಕಟ್ಟುವವರ ಬಗ್ಗೆ ಕೇಳಿದ್ದರು. ನಮ್ಮ ಮನೆಗೆ ತಿಂಗಳಿಗೆ ಎಷ್ಟು ಅಡುಗೆ ಅನಿಲ, ಎಷ್ಟು ನೀರು, ಎಷ್ಟು ಬೇಳೆ ನಿಜವಾಗಿ ಬೇಕು ಎಂಬುದನ್ನು ಕೈಯಾರೆ ಬರೆದಿಟ್ಟವರು ನಮ್ಮಲ್ಲಿ ಎಷ್ಟು ಜನ ಇದ್ದೇವೆ? ಇದಕ್ಕೆ ಕಾಡೂ ಬೇಡ, ವಿಮಾನವೂ ಬೇಡ.

ಗೀಜಗನಗೂಡು

ಈ ಉತ್ತರ ನನಗೆ ಸಮಾಧಾನ ತಂದಿದೆ, ಪೂರ್ತಿಯಾಗಿ ಅಲ್ಲ. ಲೆಕ್ಕ ಬರೆಯುವುದು ಮಿತವ್ಯಯ. ಬಡವರ ಮನೆಯ ಹೆಂಗಸರು ಅದನ್ನು ಕಾಗದವಿಲ್ಲದೆಯೇ ಮಾಡುತ್ತಾರೆ, ಯಾರೂ ಅವರ ಚಿತ್ರ ತೆಗೆಯುವುದಿಲ್ಲ. ಆಯ್ದುಕೊಂಡ ಸರಳತೆಗೂ ಹೇರಲ್ಪಟ್ಟ ಸರಳತೆಗೂ ನಡುವೆ ಇರುವ ಅಂತರವನ್ನು ಈ ಬಗೆಯ ಕಥೆಗಳು ಯಾವಾಗಲೂ ಮಸುಕುಗೊಳಿಸುತ್ತವೆ ಎಂಬ ನನ್ನ ನಿಲುವು ಹಾಗೆಯೇ ಇದೆ. ಆದರೆ ಉಳಿಬಾಚಿ ಅವರು ಹೇಳಿದ ಡಬ್ಬದ ಮಾತು ಮನಸ್ಸಿನಲ್ಲಿ ಉಳಿದಿದೆ. ನಮ್ಮ ಮನೆಯ ಅಟ್ಟದಲ್ಲಿ ಕಾವು ಮುರಿದ ಒಂದು ಬಾಚಿ ಇದೆ, ತಂದೆಯವರ ಕಾಲದ್ದು. ಅದನ್ನು ಬಳಕೆಗೆ ತರಬಹುದೇ?

ಹೊಸಚಿಗುರು

ಅದೇ ಪ್ರಶ್ನೆಗೆ ನನ್ನದನ್ನೂ ಸೇರಿಸುತ್ತೇನೆ. ಏನೂ ಬಾರದವನು ಯಾವ ಉಪಕರಣದಿಂದ ಆರಂಭಿಸಬೇಕು?

ಉಳಿಬಾಚಿ

ಬಾಚಿಯ ಅಲಗು ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ, ಬಿರುಕು ಬಿಟ್ಟಿಲ್ಲವಾದರೆ ಬಳಕೆಗೆ ಬರುತ್ತದೆ. ಬಾಚಿಯ ಕಣ್ಣಿನೊಳಗೆ, ಅಂದರೆ ಕಾವು ಕೂರುವ ತೂತಿನೊಳಗೆ, ಉಳಿದಿರುವ ಹಳೆಯ ಮರವನ್ನು ಬೆಂಕಿಗೆ ಹಾಕಿ ಸುಡಬೇಡಿ. ಹಾಗೆ ಮಾಡಿದರೆ ಅಲಗಿನ ಹದ ಹೋಗುತ್ತದೆ. ಬೈರಿಗೆಯಿಂದ ನಾಲ್ಕಾರು ತೂತು ಕೊರೆದು, ತುಂಡನ್ನು ಬಡಿದು ಹೊರಗೆ ತೆಗೆಯಿರಿ. ಹೊಸ ಕಾವಿಗೆ ದಿಂಡಿಗದ ಮರ ಸಿಕ್ಕರೆ ಉತ್ತಮ, ಸಿಗದಿದ್ದರೆ ಜಾಲಿ. ಎಳೆಗಳು ತುದಿಯಿಂದ ತುದಿಗೆ ಅಡ್ಡ ಹೋಗದೆ ಸಾಗಿರುವ ತುಂಡನ್ನೇ ಆರಿಸಿ. ಗರಗಸದಿಂದ ಕುಯ್ದದ್ದಕ್ಕಿಂತ ಸೀಳಿದ್ದು ವಾಸಿ. ಹಸಿ ಮರವನ್ನು ಹಾಕಿದರೆ ಒಣಗಿದ ಮೇಲೆ ಸಡಿಲವಾಗಿ ಅಲಗು ಹಾರಿ ಹೋಗುವ ಅಪಾಯವಿದೆ, ಆದ್ದರಿಂದ ನೆರಳಿನಲ್ಲಿ ಕೆಲವು ತಿಂಗಳು ಒಣಗಲು ಬಿಡಿ.

ಹೊಸಚಿಗುರು ಅವರು ಒಂದು ಅಂಗುಲದ ಒಂದೇ ಒಂದು ಉಳಿ ಮತ್ತು ಒಂದು ಸಾಣೆಕಲ್ಲು ಕೊಂಡರೆ ಸಾಕು. ಊರಿನ ಕಮ್ಮಾರರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಕೊಡುವ ಉಳಿ ಅಂಗಡಿಯ ಅಗ್ಗದ ಉಳಿಗಿಂತ ಹೆಚ್ಚು ಕಾಲ ಅಲಗು ಹಿಡಿಯುತ್ತದೆ. ಮೊದಲ ತಿಂಗಳು ಏನನ್ನೂ ಮಾಡಲು ಹೋಗದೆ ಅದನ್ನು ಮಸೆಯುವುದನ್ನಷ್ಟೇ ಕಲಿಯಿರಿ. ಉಳಿಯ ಅಲಗಿನಿಂದ ಮುಂಗೈಯ ಕೂದಲನ್ನು ಸಲೀಸಾಗಿ ಬೋಳಿಸಲು ಬಂದ ದಿನ ಇಲ್ಲಿ ಬರೆಯಿರಿ, ಚಮಚ ಕೆತ್ತುವ ಬಗೆಯನ್ನು ಹೇಳುತ್ತೇನೆ. ಅದಕ್ಕೆ ಹಲಸಿನ ಮರದ ತುಂಡೊಂದನ್ನು ಈಗಲೇ ಹೊಂದಿಸಿಕೊಳ್ಳಿ.